ಜನಾಬಾಯಿ ಕರೆದ ಹೆಸರು

ಜನ ಗುಂಪುಗೂಡಿದ ಕಡೆ ನನಗೆ ಸಿಟ್ಟು ಬೇಗ ಬರುತ್ತದೆ. ಬ್ಲೌಸ್ ಹೊಲಿದು ಬದುಕುವವಳು ನಾನು. ಕೈ ಕಟ್ಟಿಕೊಂಡು ನಿಂತು ಬಾಯಿ ಮಾತ್ರ ಆಡಿಸುವವರನ್ನು ಕಂಡರೆ ಆಗುವುದಿಲ್ಲ. ಅವತ್ತು ಭಾಲ್ಕಿ ಪೇಟೆಯಲ್ಲಿ ಅಸ್ತರಿನ ಬಟ್ಟೆ ಕೊಂಡು ಸ್ಕೂಟಿಯಲ್ಲಿ ಭಾತಂಬ್ರಾಕ್ಕೆ ಮರಳುತ್ತಿದ್ದೆ. ರಸ್ತೆಯ ತುಂಬ ಕುರಿ, ಕುರಿಗಳ ನಡುವೆ ಜನ, ಜನರ ನಡುವೆ ಒಬ್ಬ ಮುದುಕ ಬಿದ್ದಿದ್ದ. ಎದುರಿಗೆ ಬಂದ ಟೆಂಪೋದ ಮೇಲಿದ್ದ ತಗಡೊಂದು ಗಾಳಿಗೆ ಹಗ್ಗ ಬಿಚ್ಚಿಕೊಂಡು ಹಾರಿ, ಕುರಿ ಹೊಡೆದುಕೊಂಡು ಹೊರಟಿದ್ದ ಅವನ ಮೀನಖಂಡವನ್ನು ಕೊಯ್ದುಬಿಟ್ಟಿತ್ತು. ಧೋತರ ತೋಯ್ದು ರಕ್ತ ಡಾಂಬರಿನ ಮೇಲೆ ಹರಿಯುತ್ತಿತ್ತು.

ಒಬ್ಬ ಗಾಯಕ್ಕೆ ತಂಬಾಕು ತುಂಬಲು ಹೊರಟಿದ್ದ, ಇನ್ನೊಬ್ಬ ನೀರಿನ ಬಾಟಲಿಯನ್ನು ಮುದುಕನ ಬಾಯಿಗೆ ಹಿಡಿದಿದ್ದ. ಇಬ್ಬರನ್ನೂ ಬೈದು ಸರಿಸಿದೆ. ನಮ್ಮ ಮಹಿಳಾ ಸಂಘದವರು ನಡೆಸಿದ ಪ್ರಥಮ ಚಿಕಿತ್ಸೆಯ ತರಬೇತಿಗೆ ನಾನು ಹೋಗಿದ್ದೇ ಅಲ್ಲಿ ಊಟ ಚೆನ್ನಾಗಿರುತ್ತದೆಂದು. ಆದರೂ ಕೈಗೆ ಎಲ್ಲ ನೆನಪಿತ್ತು. ಹೊಸ ಅಸ್ತರನ್ನು ಮಡಚಿ ಗಾಯದ ಮೇಲಿಟ್ಟು, ಮೊಣಕಾಲೂರಿ ಕೂತು ಮೈಭಾರವೆಲ್ಲ ಹಾಕಿ ಒತ್ತಿದೆ. ಟೆಂಪೋ ಓಡಿಸುತ್ತಿದ್ದ ಫಕ್ರೋದ್ದೀನ ತನ್ನಿಂದಲೇ ಹೀಗಾಯಿತೆಂದು ಗಡಗಡ ನಡುಗುತ್ತಿದ್ದ. ೧೦೮ಕ್ಕೆ ಫೋನ್ ಮಾಡು, ಆಮೇಲೆ ಈ ಕಾಲನ್ನು ಎತ್ತಿ ಹಿಡಿ ಎಂದೆ. ಕೈಗೆ ಕೆಲಸ ಸಿಕ್ಕ ಮೇಲೆ ಅವನ ನಡುಕ ನಿಂತಿತು.

ಬಟ್ಟೆ ನೆನೆಯಿತು. ಅದನ್ನು ತೆಗೆಯದೆ ಮೇಲೆ ಇನ್ನೊಂದಿಟ್ಟು ಒತ್ತಿದೆ. ರಕ್ತ ಕಡಿಮೆಯಾಗುತ್ತ ಬಂತು, ಆದರೆ ಮುದುಕನ ಕಣ್ಣು ಮುಚ್ಚಿಕೊಳ್ಳತೊಡಗಿದವು. ಹೆಸರು ಹಿಡಿದು ಕರೆಯುತ್ತಿರಬೇಕು, ಎಚ್ಚರ ತಪ್ಪುತ್ತಿದೆಯೋ ನೋಡುತ್ತಿರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಕಾಕಾ ಎಂದು ಕೂಗಿದರೆ ಸುತ್ತ ನಿಂತಿದ್ದ ಕಾಕಾಗಳೆಲ್ಲ ತಿರುಗಿ ನೋಡಿದರು, ಅವನೊಬ್ಬನನ್ನು ಬಿಟ್ಟು.

ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಹೆಂಡತಿ ಜನಾಬಾಯಿ. ಏನ್ರಿ, ಏನ್ರಿ ಎಂದು ಒಂದೇ ಸಮನೆ ಕರೆಯುತ್ತಿದ್ದಳು. ಅದಕ್ಕೂ ಉತ್ತರವಿರಲಿಲ್ಲ. ಗಂಡನ ಹೆಸರೇನೆಂದು ಕೇಳಿದೆ. ಹೇಳಲಾರೆನೆಂದು ತಲೆಯಾಡಿಸಿದಳು. ಅವರು ಔರಾದ ಕಡೆಯ ಕುರಿಗಾರರು, ಅಲ್ಲಿ ಯಾರಿಗೂ ಗುರುತಿರಲಿಲ್ಲ. ಇಂಥ ಹೊತ್ತಿನಲ್ಲಿ ಎಂಥ ನಾಚಿಕೆ ಎಂದು ಗದರಿಸಿದೆ.

"ನಾಚಿಕಿ ಅಲ್ಲವಾ," ಎಂದಳು. "ನಾ ಹೆಸರು ಹಿಡದ್ರ ಅವರ ಆಯುಷ್ಯ ಕಮ್ಮಿ ಆಗ್ತದ. ಇವತ್ತೇ ಹ್ಯಾಂಗ ಹಿಡೀಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇಷ್ಟು ವರ್ಷ ಆ ಹೆಸರನ್ನು ಬಾಯಲ್ಲೇ ನುಂಗಿಕೊಂಡು ಗಂಡನನ್ನು ಕಾಯ್ದುಕೊಂಡು ಬಂದವಳು. ಅವನು ಕೈ ಬಿಟ್ಟು ಹೋಗುವಂತಿರುವಾಗ ಆ ನೇಮವನ್ನು ಮುರಿ ಎನ್ನಲು ನಾನ್ಯಾರು? ಆಗ ಒಡಪು ನೆನಪಾಯಿತು. ಮದುವೆ ಮನೆಯಲ್ಲಿ ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ, ಅದಕ್ಕೆ ದೋಷವಿಲ್ಲ. ಒಡಪಿನಲ್ಲಾದರೂ ಹೇಳವ್ವಾ ಎಂದು ಬೇಡಿಕೊಂಡೆ.

ಜನಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆ ರಕ್ತ, ಆ ಕುರಿ, ಆ ಜನರ ನಡುವೆ, ಹೊಸ್ತಿಲಲ್ಲಿ ನಿಂತ ಮದುಮಗಳಂತೆ ತಡವರಿಸುತ್ತ ಹೇಳಿದಳು:

"ಹಟ್ಟಿ ತುಂಬ ಕುರಿಮರಿ, ಹೆಗಲ ಮ್ಯಾಲ ಕಂಬಳಿ,
ಧೊಂಡಿಬಾರ ಹೆಸರು ಹೇಳ್ತೇನಿ, ಎಲ್ಲಾರೂ ಕೇಳ್ರಿ."

ಯಾರೂ ನಗಲಿಲ್ಲ. ಕಾಲು ಹಿಡಿದಿದ್ದ ಫಕ್ರೋದ್ದೀನನಿಗೆ ಕೈ ಖಾಲಿಯಿರಲಿಲ್ಲ, ಕಣ್ಣನ್ನು ಭುಜಕ್ಕೆ ಒರೆಸಿಕೊಂಡ.

ಧೊಂಡಿಬಾ, ಧೊಂಡಿಬಾ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಎದೆ ಏರಿಳಿಯುತ್ತಿತ್ತು, ಆದರೆ ರೆಪ್ಪೆ ಅಲುಗಲಿಲ್ಲ. ನನ್ನ ದನಿ ಅವನಿಗೆ ಯಾರದೋ ದನಿ. ಅವನ ಕಿವಿಗೆ ಪರಿಚಯವಿದ್ದದ್ದು ಒಂದೇ ಗಂಟಲು. ನೀನೇ ಕರೆಯಬೇಕು, ಒಡಪಿಲ್ಲದೆ, ಬರಿ ಹೆಸರು ಹಿಡಿದು ಎಂದು ಹೇಳುವಾಗ ನನಗೇ ಅಳು ಬಂತು. ಜನಾಬಾಯಿ ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಬಾಗಿ ಅವನ ಹಣೆಗೆ ಹಣೆ ಹಚ್ಚಿದಳು.

"ಕಮ್ಮಿ ಬಿದ್ದ ಆಯುಷ್ಯ ನಂದರಾಗ ತಗೋರಿ," ಎಂದಳು. ಆಮೇಲೆ ಕರೆದಳು. "ಧೊಂಡಿಬಾ."

ದನಿ ಎದ್ದಿರಲಿಲ್ಲ, ಉಸಿರಷ್ಟೇ. ಎರಡನೆಯ ಸಲ ಜೋರಾಗಿ ಕರೆದಳು. ಮುದುಕನ ಹುಬ್ಬು ಗಂಟಿಕ್ಕಿತು. ನಿಧಾನವಾಗಿ ಕಣ್ಣು ತೆರೆದ. ಕರೆದವರು ಯಾರೆಂದು ಹುಡುಕುತ್ತ ಹುಡುಕುತ್ತ ಅವನ ನೋಟ ಅವಳ ಮುಖದ ಮೇಲೆ ಬಂದು ನಿಂತಿತು. ಹೂಂ ಎಂದ. ಅವಳು ಮತ್ತೆ ಕರೆದಳು, ಅವನು ಮತ್ತೆ ಹೂಂ ಎಂದ. ಆಂಬುಲೆನ್ಸ್ ಬರುವ ತನಕ ಹೀಗೇ ನಡೆಯಿತು. ನಾನು ಒತ್ತಿದ ಕೈ ತೆಗೆಯಲಿಲ್ಲ.

ಆಂಬುಲೆನ್ಸಿನ ನರ್ಸಮ್ಮ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ, ನಾಡಿ ನೋಡಿ, ರಕ್ತ ನಿಂತಿದೆ, ಜೀವಕ್ಕೇನೂ ಭಯವಿಲ್ಲ, ಭಾಲ್ಕಿಯಲ್ಲಿ ಹೊಲಿಗೆ ಹಾಕಿದರಾಯಿತು ಎಂದಳು. ಕುರಿಗಳನ್ನು ತಾನು ನೋಡಿಕೊಳ್ಳುವೆನೆಂದು ಫಕ್ರೋದ್ದೀನ ಟೆಂಪೋ ಬದಿಗೆ ನಿಲ್ಲಿಸಿ ಅವುಗಳ ಹಿಂದೆ ಹೋದ. ಮುದುಕನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು.

ಅಪಾಯ ದಾಟಿತೆಂದ ಕೂಡಲೇ ಜನಾಬಾಯಿಗೆ ಸುತ್ತಲಿನ ಜನ ಕಂಡರು. ಸೆರಗು ಸರಿ ಮಾಡಿಕೊಂಡು ಸ್ಟ್ರೆಚರಿನ ಬಳಿ ನಿಂತು, ಮೊದಲಿನ ಹಾಗೇ ಏನ್ರಿ ಎಂದಳು. ಉತ್ತರವಿಲ್ಲ. ಕೇಳಸ್ತದೇನ್ರಿ ಎಂದಳು. ಅದಕ್ಕೂ ಇಲ್ಲ. ನಾನು ಓಡಿ ಹೋಗಿ ಬಾಗಿ ನೋಡಿದೆ.

ಕಣ್ಣು ತೆರೆದೇ ಇದ್ದವು. ಮುದುಕ ಹೆಂಡತಿಯ ಬಾಯನ್ನೇ ನೋಡುತ್ತ ಕಾಯುತ್ತಿದ್ದ.