ಡಾಕ್ಟರು ಹೇಳಿದ ಸೊಪ್ಪು

ಲಿಫ್ಟಿನೊಳಗೆ ‘ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ’ ಎನ್ನುವ ಗಂಡಸು ನಿಜಕ್ಕೂ ಒಬ್ಬನಿದ್ದಾನೆ. ಅವನು ಹೇಳಿದ ಕೂಡಲೇ ಕೋಟು ತೊಟ್ಟ ಅಧಿಕಾರಿಗಳು, ಕೇಕಿನ ಡಬ್ಬ ಹಿಡಿದ ಹೆಂಗಸರು, ಹೆತ್ತವರ ಮಾತನ್ನೂ ಕೇಳದ ಹರೆಯದವರು, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬ್ಯಾಂಕಿಗೆ ಫೋನ್ ಮಾಡಿದರೆ ‘ನಿಮ್ಮ ಕರೆ ನಮಗೆ ಬಹಳ ಮುಖ್ಯ’ ಎನ್ನುವವನೂ ಅವನೇ. ಜನ ಅದನ್ನು ನಂಬಿ ಕಿವಿಗೆ ಫೋನ್ ಒತ್ತಿಕೊಂಡು ಕಾಯುತ್ತಾರೆ. ಇಂಥವನು ಸಂಜೆ ಮನೆಗೆ ಬಂದು, ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ ಹೆಂಡತಿಗೆ “ಸ್ವಲ್ಪ ಸರಿ” ಎಂದರೆ, “ಆ ಕಡೆಯಿಂದ ಬನ್ನಿ” ಎಂಬ ಉತ್ತರ ಬರುತ್ತಿತ್ತು. ಆ ಕಡೆ ಗೋಡೆ ಇತ್ತು.

ಅವನ ಕಸುಬಿಗೆ ಕಂಠದಾನ ಎನ್ನುತ್ತಾರೆ. ಹೆಸರಿಟ್ಟವರು ತಿಳಿದೇ ಇಟ್ಟಿರಬೇಕು. ಕೂಲಿ ಸಿಗುತ್ತದೆ ನಿಜ. ಆದರೂ ಅದು ದಾನವೇ. ಒಮ್ಮೆ ಕೊಟ್ಟ ಮೇಲೆ ನನ್ನದು ಎನ್ನುವಂತಿಲ್ಲ, ಆಮೇಲೆ ಅದರ ಹಲ್ಲು ಎಣಿಸುವಂತೆಯೂ ಇಲ್ಲ.

ಮನೆಯಲ್ಲಿ ಈ ಕಂಠದಾನಿಯ ಮಾತಿಗೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಯಾರೂ ಎಂದರೆ ಹೆಂಡತಿ ಒಬ್ಬಳೇ. ಆದರೆ ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಕೇಳದಿದ್ದರೆ ಅದು ಸರ್ವಾನುಮತದ ನಿರ್ಣಯ. ಅವಳು ಕೆಟ್ಟವಳಲ್ಲ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ, ದಿನವಿಡೀ ಗಾಜು ಬದಲಿಸುತ್ತ “ಇದು ಸ್ಪಷ್ಟವಾ, ಅದು ಸ್ಪಷ್ಟವಾ?” ಎಂದು ಕೇಳಿ, ಬಂದವರ ಉತ್ತರವನ್ನು ಸಹನೆಯಿಂದ ಆಲಿಸುತ್ತಿದ್ದಳು. ಆ ಸಹನೆ ಅಂಗಡಿಯ ಷಟರಿನ ಜೊತೆಗೇ ಕೆಳಗಿಳಿಯುತ್ತಿತ್ತು.

ಒಂದು ದಿನ ಅವಳು ಚೀಲದಿಂದ ಹಸಿರು ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಚಿನ್ನದ ಬಣ್ಣದ ಮುಚ್ಚಳ, ಒಳಗೆ ಪುಟ್ಟ ಮರದ ಚಮಚ. ಅದರ ಬೆಲೆಗೆ ಒಂದು ಒಳ್ಳೆಯ ಇಸ್ತ್ರಿ ಪೆಟ್ಟಿಗೆ ಬರುತ್ತಿತ್ತು. ಅದು ಕನಿಷ್ಠ ಬಿಸಿಯಾದರೂ ಆಗುತ್ತಿತ್ತು.

“ಏನಿದು?” ಎಂದ ಕಂಠದಾನಿ. ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಹಸಿರು ಪುಡಿ. ಒಂದು ಚಮಚದಲ್ಲಿ ಒಂದು ತೋಟ ಇದೆಯಂತೆ. ಅಕ್ಕ ಕಳಿಸಿದ್ದ ವೀಡಿಯೋ ನೋಡಿದೆ. ಆ ಬಿಳಿ ಗಡ್ಡದ ಡಾಕ್ಟ್ರು ಹೇಳೋದು ಕೇಳಿದ್ರೆ ಮನಸ್ಸು ತಣ್ಣಗಾಗುತ್ತೆ. ಎಂಥಾ ಧ್ವನಿ ರೀ ಅದು. ಒಂದೊಂದು ಮಾತೂ ಎದೆಯಿಂದ ಬರುತ್ತೆ.”

ಗಡ್ಡ ಯಾವುದೋ ಮಾಡೆಲ್‌ನದು. ಆದರೆ ಧ್ವನಿ ಬಂದದ್ದು ಈ ಕಂಠದಾನಿಯ ಎದೆಯಿಂದಲೇ, ಅದೂ ನೆಗಡಿಯಾಗಿದ್ದ ಎದೆಯಿಂದ. ಸ್ಟುಡಿಯೋದ ಸೌಂಡ್ ಇಂಜಿನಿಯರ್ ಅವತ್ತು, “ಸಾರ್, ನಿಮ್ಮ ಧ್ವನಿ ಈಗ ಕಾಂಪೌಂಡರ್ ಮಟ್ಟದಲ್ಲಿದೆ. ಒಂದೆರಡು ಡಿಗ್ರಿ ಕೊಡಿಸ್ತೀನಿ, ತಾಳಿ” ಎಂದು ಗುಂಡಿಯೊಂದನ್ನು ತಿರುಗಿಸಿದ್ದ. ಧ್ವನಿ ಕೆಳಗಿಳಿಯಿತು, ನಿಧಾನವಾಯಿತು, ಸುತ್ತ ದೊಡ್ಡ ಕೋಣೆಯ ಮೊಳಗು ಬಂತು. ಹೀಗೆ ಅವನು ಯಾವ ಪರೀಕ್ಷೆಯನ್ನೂ ಬರೆಯದೆ ಡಾಕ್ಟರಾದ. ಈ ಡಾಕ್ಟರು ಯಾರ ಕಂಠವೆಂದು ಹೊರಗೆ ಹೇಳಕೂಡದು ಎಂದು ಕಂಪನಿಯವರು ಸಹಿ ಹಾಕಿಸಿಕೊಂಡಿದ್ದರು. ಹೇಳಿಕೊಳ್ಳುವಂಥ ಸಂಗತಿ ಎಂದು ಅವನಿಗೂ ಅನಿಸಿರಲಿಲ್ಲ.

ಮರುದಿನದಿಂದ ಇಬ್ಬರಿಗೂ ಒಂದೊಂದು ಲೋಟ. ಬಣ್ಣ ಪಾಚಿಗಟ್ಟಿದ ಕೊಳದ್ದು, ವಾಸನೆ ಹುಲ್ಲು ಕತ್ತರಿಸುವ ಯಂತ್ರದ್ದು, ರುಚಿ ಮಾತ್ರ ವಿಪರೀತ ಸಿಹಿ. ಕೊಳಕ್ಕೆ ಯಾರೋ ಸಕ್ಕರೆ ಮೂಟೆ ಬೀಳಿಸಿದಂತೆ. ತರಕಾರಿಯ ಬುಟ್ಟಿಯಲ್ಲಿ ಸೊಪ್ಪು ಕಾಣಿಸುವುದು ನಿಂತಿತು. ಒಂದು ತೋಟವನ್ನೇ ಕುಡಿದವರಿಗೆ ಒಂದು ಕಟ್ಟು ಪಾಲಕ್ ಯಾಕೆ?

ಬಣ್ಣ, ವಾಸನೆಗಳನ್ನು ಕಂಠದಾನಿ ಸಹಿಸಿಕೊಂಡಾನು. ಆದರೆ ಆ ಪುಡಿ ಎಷ್ಟು ಕದಡಿದರೂ ಪೂರ್ತಿ ಕರಗದೆ ಗಂಟಲಲ್ಲಿ ಮರಳಿನಂತೆ ಕೂರುತ್ತಿತ್ತು. ಬಡಗಿಗೆ ಕೈ ಹೇಗೋ ಅವನಿಗೆ ಗಂಟಲು ಹಾಗೆ. ಹೊಸ ಲಿಫ್ಟೊಂದಕ್ಕೆ ಮಾತು ಕೊಡಲು ಹೋಗಿ ಎರಡನೆಯ ಮಹಡಿ ದಾಟುವಷ್ಟರಲ್ಲಿ ಕೆಮ್ಮಿದ. “ಸಾರ್, ನಿಮ್ಮನ್ನ ನಂಬಿ ಯಾರೂ ಮೇಲೆ ಹತ್ತಲ್ಲ” ಎಂದ ಇಂಜಿನಿಯರ್.

ಅಂದು ಸಂಜೆ ಅವನು ಹೆಂಡತಿಗೆ ತನ್ನ ಸ್ವಂತ ಧ್ವನಿಯಲ್ಲಿ, ಯಾವ ಡಿಗ್ರಿಯೂ ಇಲ್ಲದೆ, ತಿಳಿಸಿ ಹೇಳಿದ. “ನೋಡು, ಇದರ ಬದಲು ಸೊಪ್ಪೇ ತರೋಣ. ಪಾಲಕ್ ತುಟ್ಟಿ ಅನಿಸಿದ ದಿನ ಎಲೆಕೋಸು. ಅದೂ ಬೇಡ ಅಂದ್ರೆ ಫ್ರೀಜರಿನ ಬಟಾಣಿ. ಮೂಲಂಗಿ ತಂದಾಗ ಮೇಲಿನ ಸೊಪ್ಪನ್ನ ಎಸೀತೀಯಲ್ಲ, ಅದನ್ನೂ ಬಾಡಿಸಿ ತಿನ್ನಬಹುದು. ಅಗಿದು ತಿನ್ನೋಣ, ಹಲ್ಲು ಇದೆಯಲ್ಲ ಇನ್ನೂ.”

“ನೀವು ಎಲ್ಲದಕ್ಕೂ ಕೊಸರಾಡ್ತೀರಿ” ಎಂದಳು ಹೆಂಡತಿ. “ಡಾಕ್ಟ್ರಿಗಿಂತ ನಿಮಗೆ ಜಾಸ್ತಿ ಗೊತ್ತಾ?”

“ಅಷ್ಟೇ ಗೊತ್ತು.”

“ಲೋಟ ತೊಳೆದಿಡಿ. ಒಣಗಿದ್ರೆ ಕೆರೆದ್ರೂ ಹೋಗಲ್ಲ.”

ಲೋಟ ಉಜ್ಜುತ್ತ ನಿಂತವನಿಗೆ ಒಂದೇ ಒಂದು ಆಸೆ ಹುಟ್ಟಿತು. ಇವಳು ನನ್ನ ಮಾತನ್ನು ಒಮ್ಮೆ ಕೇಳಬೇಕು. ಪುಡಿ ಹೋಗಬೇಕು, ಸರಿ. ಆದರೆ ನಾನು ಹೇಳಿದೆ ಎಂದು ಹೋಗಬೇಕು. ಎರಡೂ ಒಟ್ಟಿಗೆ ಆಗುವ ಲಕ್ಷಣ ಕಾಣಲಿಲ್ಲವಾದ್ದರಿಂದ ಮೊದಲನೆಯದಕ್ಕೆ ಕೈಹಾಕಿದ.

“ಆ ಡಾಕ್ಟರ ಡಿಗ್ರಿ ಇನ್ನೂ ಇಟ್ಟಿದ್ದೀಯಾ?” ಎಂದು ಊಟದ ಬಿಡುವಿನಲ್ಲಿ ಇಂಜಿನಿಯರನ್ನು ಕೇಳಿದ.

“ಇದೆ ಸಾರ್. ಯಾಕೆ, ಕ್ಲಿನಿಕ್ ತೆಗೀತೀರಾ?”

ಕಥೆ ಕೇಳಿದ ಇಂಜಿನಿಯರ್ ಖುಷಿಯಾಗಿ ಕುರ್ಚಿ ಎಳೆದುಕೊಂಡ. ಬೆಳಗಿನಿಂದ ಸೋಪಿನ ಜಾಹೀರಾತಿನ ನೊರೆಯ ಸದ್ದು ಸರಿಮಾಡಿ ಅವನಿಗೂ ಬೇಸರವಾಗಿತ್ತು. ಕಂಠದಾನಿ ಮೈಕಿನ ಮುಂದೆ ನಿಂತ.

“ನಮಸ್ಕಾರ. ನಾನು ನಿಮ್ಮ ಹಸಿರು ಡಾಕ್ಟರ್. ಇಂದು ನಿಮಗೆ ಪುಡಿಯ ಮುಂದಿನ ಹಂತವನ್ನು ಪರಿಚಯಿಸುತ್ತೇನೆ: ಪುಡಿಯಾಗದ ಪುಡಿ. ಇದನ್ನು ಸೊಪ್ಪು ಎನ್ನುತ್ತಾರೆ. ಮುಚ್ಚಳ ಇರುವುದಿಲ್ಲ, ಗಾಬರಿಯಾಗಬೇಡಿ. ತೊಳೆಯಿರಿ, ಹೆಚ್ಚಿ, ಬೇಯಿಸಿ. ಸಿಗದ ದಿನ ಎಲೆಕೋಸು, ಬಟಾಣಿ. ಮೂಲಂಗಿಯ ಸೊಪ್ಪನ್ನು ಎಸೆಯುವವರು ಆರೋಗ್ಯವನ್ನೇ ಎಸೆಯುತ್ತಾರೆ. ಚೆನ್ನಾಗಿ ಅಗಿಯಿರಿ.”

“ಉಪ್ಪು ಕಮ್ಮಿ ಮಾಡಿ ಅನ್ನಿ ಸಾರ್” ಎಂದ ಇಂಜಿನಿಯರ್. “ಡಾಕ್ಟ್ರು ಅಂದ್ಮೇಲೆ ಏನಾದ್ರೂ ಒಂದನ್ನ ಕಿತ್ಕೊಳ್ಳಬೇಕು. ಇಲ್ಲಾಂದ್ರೆ ಜನ ನಂಬಲ್ಲ.”

“ಉಪ್ಪನ್ನು ಕಡಿಮೆ ಮಾಡಿ” ಎಂದು ಕಂಠದಾನಿ ಸೇರಿಸಿದ. ಊಟದಲ್ಲಿ ಅವನಿಗೆ ಉಪ್ಪು ಒಂದು ಕೈ ಮುಂದೆಯೇ ಬೇಕು. ಆದರೂ ಕಲೆಗಾಗಿ ಹೇಳಿದ.

ಧ್ವನಿಸಂದೇಶ ಇಂಜಿನಿಯರನ ಇನ್ನೊಂದು ಫೋನಿನಿಂದ ಹೆಂಡತಿಯ ಅಕ್ಕನಿಗೆ ಹೋಯಿತು. ಆ ಅಕ್ಕ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವಳು. ಗಿರಾಕಿ ಸೀರೆ ಬಿಡಿಸುವ ಹೊತ್ತಿನಲ್ಲಿ ಲೋಕಕ್ಕೆಲ್ಲ ಸುದ್ದಿ ದಾಟಿಸುವಷ್ಟು ಬಿಡುವು ಅವಳಿಗಿತ್ತು. ಯಾರ ನಂಬರು ಎಂದೂ ನೋಡದೆ, ‘ಬಹಳ ಮುಖ್ಯ, ನಿಮ್ಮವರಿಗೆಲ್ಲ ಕಳಿಸಿ’ ಎಂದು ತಲೆಬರಹ ಕೊಟ್ಟು ಹರಿಯಬಿಟ್ಟಳು.

ಆ ವಾರವೇ ಹಸಿರು ಡಬ್ಬಿ ಕಪಾಟು ಸೇರಿತು, ಊಟದ ಮೇಜಿಗೆ ಸೊಪ್ಪು ಬಂತು. ಪಿಂಗಾಣಿ ಬೋಗುಣಿಯಲ್ಲಿ, ಬೆಳ್ಳುಳ್ಳಿ ಹಾಕಿ ಬಾಡಿಸಿದ್ದು.

“ನಿಮಗೆ ಗೊತ್ತಾ,” ಎಂದಳು ಹೆಂಡತಿ, “ಮೂಲಂಗಿ ಮೇಲಿನ ಸೊಪ್ಪನ್ನ ಎಸೀಬಾರದಂತೆ.”

“ನಾನೇ ಹೇಳಿದ್ದೆನಲ್ಲ.”

“ನೀವು ಹೇಳಿದ್ದು ಜಿಪುಣತನಕ್ಕೆ. ಡಾಕ್ಟ್ರು ಹೇಳಿದ್ದು ಆರೋಗ್ಯಕ್ಕೆ.”

ಈ ಎರಡು ಸೊಪ್ಪುಗಳ ನಡುವಣ ವ್ಯತ್ಯಾಸವನ್ನು ನಾಲಗೆಯಲ್ಲಿ ಹುಡುಕುತ್ತ ಅವನು ಅಗಿದ. ಗಂಟಲು ಮಾತ್ರ ಒಂದೆರಡು ದಿನಗಳಲ್ಲಿ ತಿಳಿಯಾಯಿತು. ಹೊಸ ಲಿಫ್ಟು ಕೆಮ್ಮದೆ ಕೊನೆಯ ಮಹಡಿ ಮುಟ್ಟಿತು.

ಆದರೆ ದಾನ ಕೊಟ್ಟದ್ದು ಕೊಟ್ಟಲ್ಲೇ ಇರುವುದಿಲ್ಲ. ಮುಂದಿನ ರಜೆಯ ದಿನ ಮಾರುಕಟ್ಟೆಗೆ ಹೋದರೆ, ಸೊಪ್ಪಿನವಳ ಗಾಡಿಯ ಮೇಲೆ, ತಕ್ಕಡಿಯ ಪಕ್ಕದ ಫೋನಿನಿಂದ, ಅವನದೇ ಕಂಠ ಮತ್ತೆ ಮತ್ತೆ ಮೊಳಗುತ್ತಿತ್ತು: ‘ಎಸೆಯುವವರು ಆರೋಗ್ಯವನ್ನೇ ಎಸೆಯುತ್ತಾರೆ.’ ಮೊನ್ನೆಯವರೆಗೆ ಗಾಡಿಯ ಕೆಳಗೆ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತಿದ್ದ ಮೂಲಂಗಿ ಸೊಪ್ಪು ಈಗ ರಬ್ಬರ್ ಬ್ಯಾಂಡು ತೊಟ್ಟು ಮೇಲಿನ ಸಾಲಿನಲ್ಲಿ ಕೂತಿತ್ತು. ಪಾಲಕ್ಕಿನ ಕಟ್ಟು ತೆಳ್ಳಗಾಗಿತ್ತು, ಬೆಲೆ ದಪ್ಪಗಾಗಿತ್ತು.

“ಇದನ್ನ ಮೊದಲು ಸುಮ್ಮನೆ ಕೊಡ್ತಿದ್ರಲ್ಲಮ್ಮ” ಎಂದ ಕಂಠದಾನಿ.

“ಆಗ ಅದು ಸೊಪ್ಪು ಸಾರ್. ಈಗ ಡಾಕ್ಟರ್ ಸೊಪ್ಪು.”

“ಆ ಡಾಕ್ಟರು ಸುಳ್ಳು ಅಂತ ಯಾರಾದರೂ ಹೇಳಿದರೆ?”

“ಧ್ವನಿ ಕೇಳಿ ಸಾರ್, ಸುಳ್ಳು ಹೇಳೋರ ಧ್ವನಿನಾ ಅದು? ನೀವು ಮಾತಾಡೋದು ಕೇಳಿದ್ರೆ ಬೇಕಾದ್ರೆ ಅನುಮಾನ ಬರುತ್ತೆ. ತಗೊಳ್ಳೋದಾದ್ರೆ ತಗೊಳ್ಳಿ, ಹಿಂದೆ ಜನ ಇದಾರೆ.”

ಅವನು ತೆಗೆದುಕೊಂಡ. ಎಷ್ಟೇ ತುಟ್ಟಿಯಾದರೂ ಡಬ್ಬಿಯ ಬೆಲೆಯ ಹತ್ತಿರಕ್ಕೂ ಅದು ಬಂದಿರಲಿಲ್ಲ. ಅಲ್ಲದೆ ತನ್ನ ಮಾತನ್ನು ತಾನೇ ಕೇಳದಿದ್ದರೆ ಇನ್ಯಾರು ಕೇಳಬೇಕು?

ಹಸಿರು ಪುಡಿಯ ಕಂಪನಿ ಸುಮ್ಮನಿರಲಿಲ್ಲ. ಎರಡು ದಿನ ಬಿಟ್ಟು ಸ್ಟುಡಿಯೋದಿಂದ ಕರೆ ಬಂತು. ಹೋಗಿ ನೋಡಿದರೆ ಕಂಪನಿಯವನೊಬ್ಬ ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿಯಾಗದ ಮುಖ ಹೊತ್ತು ಕೂತಿದ್ದ. ಯಾರೋ ವಂಚಕ ನಮ್ಮ ಡಾಕ್ಟರ ಧ್ವನಿಯನ್ನು ಅನುಕರಿಸಿ ಜನರಿಗೆ ಸೊಪ್ಪು ತಿನ್ನಿಸುತ್ತಿದ್ದಾನೆ, ಎಚ್ಚರಿಕೆಯ ಸಂದೇಶವೊಂದನ್ನು ತಕ್ಷಣ ಮಾಡಿಕೊಡಬೇಕು ಎಂದ. ಆ ನಕಲಿಯನ್ನು ಎಲ್ಲರಿಗೂ ಕೇಳಿಸಿದ ಕೂಡ.

“ನೋಡಿ, ಸೂಕ್ಷ್ಮವಾಗಿ ಕೇಳಿದ್ರೆ ಗೊತ್ತಾಗುತ್ತೆ” ಎಂದ, ತಲೆ ಓರೆ ಮಾಡಿ. “ಅವನದ್ದು ಸ್ವಲ್ಪ ಮೂಗಿನಲ್ಲಿ ಬರುತ್ತೆ. ಸಂಸ್ಕಾರ ಇಲ್ಲ. ನಿಮ್ಮದು ಒರಿಜಿನಲ್. ಆದ್ರೂ ‘ಪುಡಿಯಾಗದ ಪುಡಿ’ ಅನ್ನೋ ಮಾತು ಚೆನ್ನಾಗಿದೆ. ಯಾವನು ಬರೆದನೋ, ಸಿಕ್ಕಿದ್ರೆ ಕೆಲಸಕ್ಕೆ ತಗೋಬೇಕು.”

ಇಂಜಿನಿಯರ್ ಬಗ್ಗಿ ಮೇಜಿನ ಕೆಳಗೆ ಬಹಳ ಹೊತ್ತು ಯಾವುದೋ ವೈರು ಹುಡುಕಿದ.

ಒಲ್ಲೆ ಎಂದರೆ ಅನುಮಾನ. ಒಪ್ಪಿದರೆ ಮತ್ತೆ ಪುಡಿ. ಕಂಠದಾನಿ ಒಪ್ಪಿದ; ಕಸುಬುದಾರ ಕಸುಬಿಗೆ ಒಲ್ಲೆ ಎನ್ನುವುದು ಕಷ್ಟ. ಮೈಕಿನ ಮುಂದೆ ನಿಂತು, ‘ನನ್ನ ಹೆಸರಿನಲ್ಲಿ ಮಾತಾಡುವ ಆ ನೀಚನನ್ನು ನಂಬಬೇಡಿ’ ಎಂದು ಓದುವಾಗ, ಲೋಟ ತೊಳೆದ ಸಂಜೆ, ಗೋಡೆಯಿದ್ದ ‘ಆ ಕಡೆ’, ಸೊಪ್ಪಿನವಳ ಅನುಮಾನ ಎಲ್ಲವೂ ನೆನಪಾಗಿ ಧ್ವನಿಯಲ್ಲಿ ಎಂದೂ ಇಲ್ಲದ ಕಾವು ಬಂತು. ಕಂಪನಿಯವನು ಎದ್ದು ನಿಂತು ಕೈ ಕುಲುಕಿದ. “ಇದು ನೋಡಿ, ಸತ್ಯಕ್ಕಿರೋ ಶಕ್ತಿ” ಎಂದ.

ಅವನು ಮನೆ ತಲುಪುವ ಮೊದಲೇ ಸಂದೇಶ ತಲುಪಿತ್ತು. ಹೆಂಡತಿ ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು, ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವಾಗಿನ ಮುಖ ಹೊತ್ತು ಕೂತಿದ್ದಳು. ಹಸಿರು ಡಬ್ಬಿ ಕಪಾಟಿನಿಂದ ಇಳಿದು ಪಕ್ಕದಲ್ಲೇ ಕೂತಿತ್ತು. ತೀರ್ಪು ಬರುವವರೆಗೆ ಕಾಯುವ ಕಕ್ಷಿದಾರನಂತೆ.

“ಕೂತ್ಕೊಳ್ಳಿ. ಎರಡು ಬಂದಿದೆ. ಯಾವುದೋ ಒಂದು ನಕಲಿ.” ಮೊದಲನೆಯದನ್ನು ಕೇಳಿಸಿದಳು. “ಇದು ಸ್ಪಷ್ಟವಾ?” ಎರಡನೆಯದು. “ಅದು ಸ್ಪಷ್ಟವಾ? ಮತ್ತೆ ಹಾಕ್ತೀನಿ ತಾಳಿ. ಇದು... ಅದು...”

ಸಹಿ ಹಾಕಿದ ಕಾಗದ ಒಂದು ಕ್ಷಣ ಕಣ್ಣ ಮುಂದೆ ಬಂದು ಹೋಯಿತು. ಕಂಠದಾನಿ ಹೇಳಿಬಿಟ್ಟ. “ಎರಡೂ ನಾನೇ.”

“ಹಾಂ?”

“ಎರಡೂ ನನ್ನ ಧ್ವನಿ. ಮೊದಲನೇ ಜಾಹೀರಾತೂ ನಾನೇ. ನೀನು ಡಬ್ಬಿ ಕೊಂಡದ್ದೂ ನನ್ನ ಮಾತು ಕೇಳಿ, ಬಿಟ್ಟದ್ದೂ ನನ್ನ ಮಾತು ಕೇಳಿ.”

ಅವಳು ಅವನನ್ನು ದಿಟ್ಟಿಸಿದಳು, ಅಕ್ಷರಗಳ ಕೊನೆಯ ಸಾಲನ್ನು ಊಹೆಯಿಂದ ಓದುವ ಗಿರಾಕಿಯನ್ನು ನೋಡುವಂತೆ. “ಹಾಗಾದ್ರೆ ಹೇಳಿ ನೋಡೋಣ.”

ಅವನು ಎದ್ದು ನಿಂತ. ಎದೆ ತುಂಬ ಉಸಿರು ತುಂಬಿಕೊಂಡು, ಗದ್ದ ಇಳಿಸಿ, ನಿಧಾನವಾಗಿ, ಮೂವತ್ತು ವರ್ಷದ ಕಸುಬನ್ನೆಲ್ಲ ಗಂಟಲಿಗೆ ತಂದುಕೊಂಡು ಹೇಳಿದ: “ನಮಸ್ಕಾರ. ನಾನು ನಿಮ್ಮ ಹಸಿರು ಡಾಕ್ಟರ್.”

ಹೆಂಡತಿ ಕಣ್ಣು ಮುಚ್ಚಿ ಕೇಳಿದಳು. ಮದುವೆಯಾದಾಗಿನಿಂದ ಅವಳು ಅವನ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿದ್ದು ಅದೇ ಮೊದಲು.

“ಪರವಾಗಿಲ್ಲ” ಎಂದಳು ಕಣ್ಣು ತೆರೆದು. “ಮಿಮಿಕ್ರಿ ಚೆನ್ನಾಗಿದೆ. ಆದ್ರೆ ಅವರ ಆ ಗಾಂಭೀರ್ಯ ನಿಮಗೆ ಬರಲ್ಲ ಬಿಡಿ.”

“ಅದು ಗುಂಡಿ ತಿರುಗಿಸೋದು ಕಣೇ. ಇಂಜಿನಿಯರ್ ಹತ್ರ—”

“ಸುಮ್ನಿರಿ ಒಂದು ನಿಮಿಷ.” ಮತ್ತೊಮ್ಮೆ ಎರಡನ್ನೂ ಕೇಳಿಸಿಕೊಂಡು ತೀರ್ಪು ಕೊಟ್ಟಳು. “ಸೊಪ್ಪು ತಿನ್ನಿ ಅಂದೋರೇ ನಿಜವಾದ ಡಾಕ್ಟ್ರು. ಮಾತಿನಲ್ಲಿ ನಗು ಇದೆ. ಈ ಎರಡನೆಯವನು ಯಾರೋ ಮನೇಲಿ ಹೆಂಡತಿ ಹತ್ರ ಬೈಸಿಕೊಂಡು ಬಂದು ಮೈಕ್ ಮುಂದೆ ತೀರಿಸಿಕೊಂಡ ಹಾಗಿದೆ. ಇಂಥೋರ ಮಾತು ಕೇಳಿ ಪುಡಿ ಕುಡೀಬೇಕಾ?”

ಡಬ್ಬಿಯಲ್ಲಿ ಉಳಿದಿದ್ದ ತೋಟವನ್ನು ಅವಳು ಕಿಟಕಿಯ ಹೂಕುಂಡಕ್ಕೆ ಸುರಿದು, ಖಾಲಿ ಡಬ್ಬಿಗೆ ಬಟ್ಟೆಯ ಕ್ಲಿಪ್ಪುಗಳನ್ನು ತುಂಬಿದಳು. ಚಿನ್ನದ ಮುಚ್ಚಳದಿಂದಾಗಿ ಕ್ಲಿಪ್ಪುಗಳಿಗೂ ಒಂದು ಗೌರವ ಬಂದಂತೆ ಕಂಡಿತು. ಕಂಠದಾನಿ ಗೆದ್ದಿದ್ದ, ಗೆದ್ದವನ ಹೆಸರು ಮಾತ್ರ ಬೇರೆ ಇತ್ತು.

“ತಟ್ಟೆ ಹತ್ತಿರ ತನ್ನಿ” ಎಂದು ಹೆಂಡತಿ ಅವನಿಗೆ ಎರಡು ಸೌಟು ಸೊಪ್ಪು ಹಾಕಿದಳು.

ಒಂದು ತುತ್ತು ಬಾಯಿಗಿಟ್ಟ. ಉಪ್ಪು ಸಾಲದು. ಹೇಳಬೇಕೆಂದು ಬಾಯಿ ತೆರೆದ, ಅವಳ ಕಣ್ಣು ಮೇಜಿನ ಮೇಲಿನ ಫೋನಿನತ್ತ ಹೋಯಿತು. ಅವನು ಬಾಯಿ ಮುಚ್ಚಿದ. ಚೆನ್ನಾಗಿ ಅಗಿದ.