ಬೀಗಿತಿಯ ಕಿನ್ನರಿಯರು

ಕಥೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಹದಿನಾಲ್ಕು ಲೋಕದಲ್ಲೂ ಇಲ್ಲ. ನನ್ನ ರಾಕ್ಷಸನ ಕಥೆ ಕೇಳಿ ಎದುರುಮನೆಯ ನಾಯಿ ಮೂರು ದಿನ ಅನ್ನ ಬಿಟ್ಟಿತ್ತು. ಹೊಲಿಗೆಯಲ್ಲೂ ಅಷ್ಟೇ. ಕಣ್ಣು ಮುಚ್ಚಿ ಗುಂಡಿಗೆ ಕಾಜಾ ಹಾಕುವವಳು ನಾನು. ನಲವತ್ತು ವರ್ಷದಲ್ಲಿ ಸೂಜಿ ಒಮ್ಮೆಯೂ ನನ್ನ ಬೆರಳು ಚುಚ್ಚಿಲ್ಲ. ಅಷ್ಟು ಧೈರ್ಯ ಅದಕ್ಕೆಲ್ಲಿ?

ಶಾಲೆಯಿಂದ ಬಂದ ಮೊಮ್ಮಗಳು ಗುಬ್ಬಿ ನನ್ನ ಹೊಲಿಗೆ ಯಂತ್ರದ ಪಕ್ಕ ಕೂರಬೇಕು, ನಾನು ಪೆಡಲು ತುಳಿಯುತ್ತ ಕಥೆ ಹೇಳಬೇಕು, ಅವಳು 'ಹ್ಞೂಂ' ಗುಟ್ಟಬೇಕು. ಆ ಹ್ಞೂಂ ಇಲ್ಲದಿದ್ದರೆ ನನ್ನ ಹೊಲಿಗೆ ಸೊಟ್ಟ.

ಹೀಗಿರುವಾಗ ಕಾಲು ಮುರಿದುಕೊಂಡು ಬಂದಳು ಬೀಗಿತಿ, ನನ್ನ ಸೊಸೆಯ ತಾಯಿ. ಒಂದು ತಿಂಗಳ ವಿಶ್ರಾಂತಿಗಂತೆ. ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕಿಟಕಿ ಪಕ್ಕದ ಮಂಚದಲ್ಲಿ ಒರಗಿದವಳು, ಎರಡನೇ ದಿನವೇ ಬಾಯಿ ಬಿಟ್ಟಳು.

"ಗುಬ್ಬಿ, ಆ ಗೋಡೆ ಬುಡದಲ್ಲಿ ಮುಟ್ಟಿದರೆ ಮುನಿ ಇದ್ಯಲ್ಲ, ಅದು ಯಾಕೆ ಎಲೆ ಮುಚ್ಕೊಳ್ಳುತ್ತೆ ಗೊತ್ತಾ? ಒಳಗೆ ಕಿನ್ನರಿ ಸ್ನಾನ ಮಾಡ್ತಿರ್ತಾಳೆ. ಯಾರಾದ್ರೂ ಬಂದ್ರೆ ಟಪ್ ಅಂತ ಬಾಗಿಲು ಹಾಕ್ತಾಳೆ. ಪಕ್ಕದ ತುಂಬೆ ಹೂವು ಅವಳ ಟೋಪಿ."

ಗುಬ್ಬಿ ಓಡಿಹೋಗಿ ಮುಟ್ಟಿದಳು. ಎಲೆ ಮುಚ್ಚಿತು!

"ಅಮ್ಮಮ್ಮಾ, ನಿಜ! ನಾಚ್ಕೊಂಡ್ಳು!"

"ನನ್ನ ರಾಕ್ಷಸನಿಗೆ ಹನ್ನೆರಡು ತಲೆ ಕಣೇ," ಎಂದೆ ನಾನು.

"ಎಲ್ಲಿದ್ದಾನೆ? ತೋರ್ಸು."

ಕಳೆ ಗಿಡಕ್ಕಿರುವ ಸಾಕ್ಷಿ ನನ್ನ ರಾಕ್ಷಸನಿಗಿರಲಿಲ್ಲ. ಅಂದಿನಿಂದ ಅವಳ ಹ್ಞೂಂಗಳೆಲ್ಲ ಮಂಚದ ಕಡೆಗೇ. ನನ್ನ ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚಿನಲ್ಲಿ ಇಡೀ ಬೀದಿಗೆ ಅನ್ನ ಬೇಯಿಸಬಹುದಿತ್ತು. ಒಬ್ಬರ ಅಂಗಿಗೆ ಎರಡೂ ಎಡತೋಳು ಹೊಲಿದೆ. ಅದೇ ಹೊಸ ಫ್ಯಾಷನ್ ಎಂದು ಒಪ್ಪಿಸಿದೆ, ಅದು ಬೇರೆ ಮಾತು.

ಹತ್ತನೇ ದಿನ ಗುಬ್ಬಿ ಶಾಲೆಗೆ ಹೋಗಿದ್ದಳು, ಬೀಗಿತಿ ಗೊರಕೆ ಹೊಡೆಯುತ್ತಿದ್ದಳು. ನಾನು ಸೆರಗು ಸಿಕ್ಕಿಸಿ ಗೋಡೆ ಬುಡಕ್ಕೆ ಇಳಿದೆ. ತುಂಬೆ, ಮುಟ್ಟಿದರೆ ಮುನಿ, ಒಂದನ್ನೂ ಬಿಡಲಿಲ್ಲ. ಬೇರುಸಹಿತ ಕಿತ್ತು ಕಸದ ಗಾಡಿಗೆ ಹಾಕಿದೆ.

ಸಂಜೆ ಗುಬ್ಬಿ ಬರಿ ಮಣ್ಣಿನ ಮುಂದೆ ನಿಂತಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಗೆಲ್ಲುತ್ತಿದ್ದೆ. ಸುಮ್ಮನೆ ಒಳಗೆ ಬಂದು ನನ್ನ ಕೈ ಹಿಡಿದು ನೋಡಿದಳು.

"ಅಜ್ಜಿ, ಬೆರಳಲ್ಲೆಲ್ಲ ಮುಳ್ಳಿದೆ."

"ಸೂಜಿ ಚುಚ್ತು ಕಣೇ."

"ನಿಂಗೆ ಸೂಜಿ ಚುಚ್ಚೋದೇ ಇಲ್ವಲ್ಲ?"

ನಾನು ಕೈ ಎಳೆದು ಸೆರಗಿನೊಳಗೆ ಬಚ್ಚಿಟ್ಟೆ. ಆಗ ಮಂಚದಿಂದ ಬೀಗಿತಿ ಎಂದಳು:

"ನಿಮ್ಮಜ್ಜಿ ಕಿನ್ನರಿಯರನ್ನ ಬೇರೆ ಮನೆಗೆ ಸಾಗಿಸಿದ್ರು ಕಣೆ. ನಾನು ಕಿಟಕೀಲಿ ಎಲ್ಲಾ ನೋಡಿದೆ. ಎಲ್ಲಿಗೆ ಅಂತ ಅವರನ್ನೇ ಕೇಳು."

ಹಾಗಾದರೆ ಆ ಗೊರಕೆ ಸುಳ್ಳು! ಎಲ್ಲಾ ನೋಡಿದೆ ಅನ್ನುವಾಗ ಅವಳು ನನ್ನತ್ತ ತಿರುಗಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತು ಬೈಯುತ್ತಿದ್ದೆ. ಕಥೆಯನ್ನೇ ನನಗೆ ದಾನ ಕೊಟ್ಟುಬಿಟ್ಟಳಲ್ಲ, ಅದು ಮುಳ್ಳಿಗಿಂತ ಆಳಕ್ಕೆ ಇಳಿಯಿತು.

"ಎಲ್ಲಿಗಜ್ಜಿ?"

"ಅದು... ದೂರ. ಏಳು ಚರಂಡಿ ದಾಟಿ."

"ನಡಿ, ಈಗ್ಲೇ ತೋರ್ಸು."

ಹೊರಟೆವು. ಬೀದಿಯ ಪ್ರತಿ ಗೋಡೆ ಬುಡದಲ್ಲೂ ಈ ವಯಸ್ಸಿನಲ್ಲಿ ಬಗ್ಗಿ ಬಗ್ಗಿ ಹುಡುಕಿದೆ. ಕೊನೆಗೆ ಗಿರಣಿಯ ಹಿಂದೆ, ಒಡೆದ ಪೈಪಿನ ಪಕ್ಕ ಒಂದೇ ಒಂದು ಮುಟ್ಟಿದರೆ ಮುನಿ ಕಂಡಿತು. ಗುಬ್ಬಿ ಮುಟ್ಟಿದಳು. ಮುಚ್ಚಿತು. ಹೋದ ಪ್ರಾಣ ಬಂತು.

"ಇವಳ ಹೆಸರೇನು?"

"ಇವಳು..." ಎಂದು ಶುರುಮಾಡಿದೆ. ಅರ್ಧ ಗಂಟೆ ಹೇಳಿದೆ. ಇಷ್ಟು ಚೆನ್ನಾಗಿ ಯಾರೂ ಎಂದೂ ಹೇಳಿರಲಾರರು. ಗುಬ್ಬಿ ಕಣ್ಣು ಮಿಟುಕಿಸದೆ ಕೇಳಿದಳು. ಮುಗಿದದ್ದೇ ತಡ, ಎದ್ದು ಮನೆಯತ್ತ ಓಡಿದಳು.

"ಎಲ್ಲಿಗೇ?"

"ಅಮ್ಮಮ್ಮಂಗೆ ಹೇಳ್ಬೇಕು! ಅವರಿಗೆ ಬರೋಕಾಗಲ್ವಲ್ಲ!"

ನಾನು ಗಿಡದ ಮುಂದೆ ಕುಕ್ಕರಗಾಲಲ್ಲಿ ಒಬ್ಬಳೇ ಉಳಿದೆ. ಕೀಳಬೇಕೆನ್ನಿಸಿತು, ಸುಳ್ಳೇಕೆ. ಕೈಯನ್ನೂ ಚಾಚಿದೆ. ಬೆರಳು ತಾಕಿದ್ದೇ ಎಲೆಗಳು ಒಂದೊಂದಾಗಿ ಮಡಚಿಕೊಂಡವು. "ಬಾಗಿಲು ಹಾಕ್ಕೋ ತಾಯಿ, ನಾನು ನೋಡಲ್ಲ," ಎಂದು ಮುಖ ತಿರುಗಿಸಿ ಕೂತೆ.