ಆರು ಹಲ್ಲಿನ ಗೇರು

ಸೈನ್ಯದ ವರ್ಕ್‌ಶಾಪಿನಲ್ಲಿ ನನಗೆ ಇಪ್ಪತ್ತೆಂಟು ವರ್ಷ. ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳಬಲ್ಲ ಮೇಸ್ತ್ರಿ ಎಂದು ಎಲ್ಲರೂ ಹೊಗಳುತ್ತಾರೆ, ನಾನೂ ಬೇಡವೆನ್ನುವುದಿಲ್ಲ. ಅಂಥ ನನ್ನ ಅಂಗೈಯಲ್ಲಿ ಅವತ್ತು ಬೆಳಿಗ್ಗೆ ಎರಡು ಪುಟ್ಟ ಗೇರುಗಳಿದ್ದವು. ಒಂದರ ಹಲ್ಲನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ.

ಗೇರುಗಳು ಸೈನ್ಯದ ಲಾರಿಯೊಂದರ ಮೀಟರಿನವು. ಆ ಲಾರಿ ನನ್ನ ಅಳಿಯ ಓಡಿಸುತ್ತಿದ್ದದ್ದು. ಎರಡು ತಿಂಗಳ ಹಿಂದೆ ಒಂದು ತಿರುವಿನಲ್ಲಿ ಮಗುಚಿ, ಹಿಂದೆ ಕೂತಿದ್ದ ಸಿಪಾಯಿಯೊಬ್ಬ ಸತ್ತ. ಅಲ್ಲಿ ವೇಗ ಗಂಟೆಗೆ ನಲವತ್ತೈದು ಕಿಲೋಮೀಟರ್ ಮೀರುವಂತಿಲ್ಲ. ರಸ್ತೆಯ ಮೇಲಿನ ಟೈರಿನ ಗುರುತು ಅಳೆದವರು ವೇಗ ಅರವತ್ತು ಎಂದರು. ವೇಗ ತೋರಿಸುವ ಮೀಟರಿನ ಮುಳ್ಳು ನಲವತ್ತೈದು ದಾಟಿರಲಿಲ್ಲ ಎಂದು ಅಳಿಯ ಪಟ್ಟು ಹಿಡಿದ. ಮೀಟರಿನ ಬಗ್ಗೆ ವಿಚಾರಣೆಯ ಅಧಿಕಾರಿ ಕೇಳಿದ್ದು ನನ್ನನ್ನೇ. ಲಾರಿಯ ಹತ್ತಿರವೂ ಸುಳಿಯದೆ, 'ಅದರ ಗೇರು ಹಾಕಿದ್ದು ನಾನೇ, ತಪ್ಪು ತೋರಿಸೋಕೆ ಸಾಧ್ಯವಿಲ್ಲ' ಎಂದು ಎದೆಯುಬ್ಬಿಸಿ ಹೇಳಿ ಬಂದಿದ್ದೆ.

"ಅಪ್ಪ, ಅವರು ಸುಳ್ಳು ಹೇಳೋರಲ್ಲ" ಎಂದಳು ಮಗಳು, ಊಟ ಬಡಿಸುತ್ತಾ.

"ಹಾಗಾದ್ರೆ ನಾನು ಹೇಳ್ತೀನಾ?" ಎಂದು ತಟ್ಟೆ ಸರಿಸಿ ಎದ್ದೆ.

ಆಮೇಲೆ ಎಂಟು ಭಾನುವಾರ ಅಳಿಯನನ್ನು ಕೂಡಿಹಾಕಿದ್ದ ಕಾವಲುಕೋಣೆಗೆ ಹೋಗಿ ಅವನ ತಲೆ ತಿಂದೆ. ಒಪ್ಪಿಕೊಂಡರೆ ಎರಡು ವರ್ಷ, ಹಠ ಮಾಡಿದರೆ ಏಳು ಎಂದು ಹೆದರಿಸಿದೆ. ನೆನಪು ಮಾಡಿಕೋ, ಮುಳ್ಳು ಅರವತ್ತರಲ್ಲೇ ಇತ್ತು ಎಂದು ಪದೇ ಪದೇ ಹೇಳಿದೆ. ಕೊನೆಗೆ ಒಪ್ಪಿದ. ಅವತ್ತು ಮಧ್ಯಾಹ್ನ ಮೂರಕ್ಕೆ ಅವನು ತಪ್ಪೊಪ್ಪಿಗೆಗೆ ಸಹಿ ಹಾಕಬೇಕಿತ್ತು.

ಅದೇ ದಿನ ಲಾರಿ ರಿಪೇರಿಗೆ ನನ್ನ ಮುಂದೆ ಬಂದಿತ್ತು. ಗೇರ್‌ಬಾಕ್ಸಿನ ಹಿಂಭಾಗ ಒಡೆದಿದ್ದರಿಂದ ಮೀಟರಿನ ಗೇರನ್ನೂ ಬದಲಾಯಿಸಬೇಕಿತ್ತು. ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಮೇಲೆ ಕೂತು, ಕೇಬಲ್ ತಿರುಗಿಸಿ ಮುಳ್ಳು ಏಳಿಸುವ ಗೇರು ಅದು. ಗೇರ್‌ಬಾಕ್ಸಿನ ಹೊಸ ಭಾಗದ ಜೊತೆಗೇ ಕಂಪನಿಯಿಂದ ಬಂದ ಹೊಸದಕ್ಕೆ ಎಂಟು ಹಲ್ಲು. ಬಿಚ್ಚಿ ತೆಗೆದದ್ದಕ್ಕೆ ಆರು. ಉಗುರಿಟ್ಟು ಮೂರು ಸಲ ಎಣಿಸಿದೆ. ಎಂಟಿರಬೇಕಾದಲ್ಲಿ ಆರಿದ್ದರೆ ಅರವತ್ತರಲ್ಲಿ ಓಡುವ ಲಾರಿ ನಲವತ್ತೈದು ತೋರಿಸುತ್ತದೆ. ಅಳಿಯ ಕಂಡದ್ದು ಅದನ್ನೇ.

ಹೇಗಾಯಿತೆಂದು ಯೋಚಿಸಬೇಕಾಗಿಯೂ ಇರಲಿಲ್ಲ. ಸವೆದ ಭಾಗವನ್ನು ಸ್ಟೋರಿಗೆ ಒಯ್ದು, ಅದರ ಜೋಡಿ ಹುಡುಕಿಸಿ ತರುವುದು ನಮ್ಮಲ್ಲಿ ರೂಢಿ. ಕಳೆದ ಸಲ ಸವೆದ ಗೇರಿನಲ್ಲಿ ಹಲ್ಲೇ ಉಳಿದಿರಲಿಲ್ಲ, ಬಳೆಯ ಹಾಗೆ ನುಣ್ಣಗಾಗಿತ್ತು. ಸ್ಟೋರಿನವನು ಅದನ್ನು ಕಿರುಬೆರಳಿಗೆ ಹಾಕಿ ನೋಡಿ, ಅದೇ ತೂತಿನದ್ದೊಂದನ್ನು ಕೊಟ್ಟ. ಭಾಗಗಳ ವಿವರವಿರುವ ಪುಸ್ತಕ ತೆರೆದು ನೋಡುವುದು ನನಗೆ ಮರ್ಯಾದೆಗೇಡು. ಗೇಟಿನವರೆಗೆ ಓಡಿಸಿದೆ, ಮುಳ್ಳು ಎದ್ದಿತು, ಸರಿಯಿದೆ ಎಂದು ಬರೆದೆ. ಅಲ್ಲಿಗೆ ಮುಗಿಯಿತು.

ಗೇರು ಹಿಡಿದು ಸ್ಟೋರಿಗೆ ಓಡಿದೆ. ಸ್ಟೋರಿನವನು ಅದನ್ನು ಮುಟ್ಟಲೂ ಇಲ್ಲ.

"ನಂಗೇನೂ ನೆನಪಿಲ್ಲ ಮೇಸ್ತ್ರಿ. ನಿಮ್ಗೂ ನೆನಪಿಲ್ದೇ ಇದ್ರೆ ಒಳ್ಳೇದು. ಪಿಂಚಣಿಗೆ ಎರಡೇ ವರ್ಷ ಅಲ್ವಾ?"

ಕೆನ್ನೆಗೊಂದು ಬಿಡಬೇಕೆನಿಸಿತು. ಯಾರ ಕೆನ್ನೆಗೆ ಎಂಬುದೇ ತಿಳಿಯಲಿಲ್ಲ. ನೆಟ್ಟಗೆ ಅಧಿಕಾರಿಯ ಕೋಣೆಗೆ ಹೋಗಿ, ಗೇರುಗಳನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಒದರಿದೆ.

ಅಧಿಕಾರಿ ಆರು ಹಲ್ಲಿನದ್ದನ್ನು ಎತ್ತಿ ತಿರುಗಿಸಿ ನೋಡಿದರು. "ಇದನ್ನ ಬಿಚ್ಚುವಾಗ ಜೊತೇಲಿ ಯಾರಿದ್ರು?"

"ಯಾರೂ ಇಲ್ಲ ಸರ್."

"ನೀವು ಅವನ ಮಾವ. ಇದು ಆ ಲಾರಿಯಿಂದಲೇ ಬಂದದ್ದು ಅಂತ ನಾನು ಹೇಗೆ ನಂಬ್ಲಿ? ಅವನು ಮೊದಲಿನ ಮಾತಿಗೇ ನಿಂತ್ರೆ ವಿಚಾರಣೆ ಮತ್ತೆ ತೆಗೀಬಹುದು. ಅವನನ್ನೇ ಕೇಳೋಣ."

ಅಳಿಯನನ್ನು ಕರೆತಂದರು. ಅಂಗಿ ಅವನ ಮೈಮೇಲೆ ಜೋತುಬಿದ್ದಿತ್ತು. ಬದುಕಿಕೊಂಡ ಎಂದು ನನಗೆ ಒಳಗೊಳಗೇ ಸಮಾಧಾನ. ಮುಳ್ಳು ನಲವತ್ತೈದು ದಾಟಿರಲಿಲ್ಲ ಎಂದರಾಯಿತು, ಎರಡು ತಿಂಗಳು ಅವನು ಹೇಳಿದ್ದು ಅದೊಂದೇ ಮಾತಲ್ಲವೇ.

"ಮುಳ್ಳು ಎಷ್ಟರಲ್ಲಿತ್ತು?" ಅಧಿಕಾರಿ ಕೇಳಿದರು.

"ಅರವತ್ತರಲ್ಲಿ ಸರ್."

"ಹೆದರಬೇಡಪ್ಪ, ನಿಜ ಹೇಳು" ಎಂದೆ.

"ನಿಜಾನೇ ಮಾವ. ನೀವು ಹೇಳ್ದಂಗೆ ನೆನಪು ಮಾಡ್ಕೊಂಡೆ. ಈಗ ಕಣ್ಣು ಮುಚ್ಚಿದ್ರೆ ಕಾಣುತ್ತೆ. ಅರವತ್ತರಲ್ಲೇ ಇತ್ತು. ಆ ಸಿಪಾಯಿನ ನಾನೇ ಕೊಂದೆ."

ಆ ಗೇರು ಹಾಕಿರುವಾಗ ಮುಳ್ಳು ಅರವತ್ತಕ್ಕೆ ಏರಬೇಕಾದರೆ ಲಾರಿ ಎಂಬತ್ತರಲ್ಲಿ ಓಡಬೇಕು. ಆ ಲಾರಿ ಇಳಿಜಾರಿನಲ್ಲೂ ಎಂಬತ್ತು ಕಂಡದ್ದಿಲ್ಲ. ಅವನಿಗೆ ಕಾಣುತ್ತಿದ್ದ ಅರವತ್ತನ್ನು ಅವನ ತಲೆಯಲ್ಲಿ ಕೂರಿಸಿದವನು ನಾನು.

ಗೇರನ್ನು ಅವನ ಕೈಗೆ ತುರುಕಿದೆ. "ಎಣಿಸು. ಆರೇ ಹಲ್ಲಿದೆ. ತಪ್ಪು ನಂದು ಕಣಪ್ಪ."

ಅವನು ಎಣಿಸಲಿಲ್ಲ. ಮೆಲ್ಲಗೆ ಅದನ್ನು ಮೇಜಿನ ಮೇಲಿಟ್ಟ. ಮದುವೆಯಾದಾಗಿನಿಂದ ಅವನು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

"ನನ್ನ ಉಳಿಸೋಕೆ ಅಂತ ನೀವು ಸುಳ್ಳು ಹೇಳ್ಬೇಡಿ ಮಾವ" ಎಂದು, ಸಹಿ ಎಲ್ಲಿ ಹಾಕಬೇಕೆಂದು ಅಧಿಕಾರಿಯನ್ನು ಕೇಳಿದ.